ಎಣಿಕೆ ಸರಿ, ಜೋಡಣೆ ತಪ್ಪು

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಮೂರು ಬಗೆಯ ಬ್ರಾಕೆಟ್‌ಗಳಿರುವ ಸ್ಟ್ರಿಂಗ್ (ಅಕ್ಷರಗಳ ಸಾಲು) ಸಮತೋಲನದಲ್ಲಿದೆಯೇ, ಅಂದರೆ ತೆರೆದ ಪ್ರತಿ ಬ್ರಾಕೆಟ್ ಸರಿಯಾದ ಕ್ರಮದಲ್ಲಿ ಮುಚ್ಚಿದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂ ಅನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಪ್ರತಿ ಬಗೆಗೂ ಒಂದೊಂದು ಕೌಂಟರ್ ಇಟ್ಟು, ತೆರೆಯುವ ಬ್ರಾಕೆಟ್‌ಗೆ ಒಂದು ಕೂಡಿಸಿ, ಮುಚ್ಚುವುದಕ್ಕೆ ಒಂದು ಕಳೆದು, ಕೊನೆಯಲ್ಲಿ ಮೂರೂ ಸೊನ್ನೆಯಾಗಿದ್ದರೆ ‘ಸರಿ’ ಎನ್ನುತ್ತೇನೆ. ಆದರೆ ‘([)]’ ಕೊಟ್ಟರೂ ‘ಸರಿ’ ಎಂದೇ ಬರುತ್ತದೆ. ಏಕೆ?

ಉತ್ತರ: ನಿಮ್ಮ ಎಣಿಕೆಯಲ್ಲಿ ತಪ್ಪಿಲ್ಲ, ಎಣಿಕೆಯೊಂದೇ ಇಲ್ಲಿ ಸಾಲದು. ಎಷ್ಟು ಬ್ರಾಕೆಟ್‌ಗಳು ಇನ್ನೂ ತೆರೆದಿವೆ ಎಂಬುದನ್ನು ಕೌಂಟರ್ ಹೇಳಬಲ್ಲದೇ ಹೊರತು, ಅವುಗಳಲ್ಲಿ ಕಟ್ಟಕಡೆಗೆ ತೆರೆದದ್ದು ಯಾವುದು ಎಂಬುದನ್ನು ಹೇಳಲಾರದು. ಕೊನೆಗೆ ತೆರೆದದ್ದೇ ಮೊದಲು ಮುಚ್ಚಬೇಕೆಂಬುದು ಇಲ್ಲಿಯ ನಿಯಮವಾದ್ದರಿಂದ, ಆ ಕ್ರಮವನ್ನು ನೆನಪಿಡುವ ಸ್ಟ್ಯಾಕ್, ಅಂದರೆ ಕೊನೆಗೆ ಇಟ್ಟದ್ದನ್ನೇ ಮೊದಲು ಹೊರತೆಗೆಯುವ ಪಟ್ಟಿ, ಬೇಕು. ಪೈಥಾನ್‌ನಲ್ಲಿ ಸಾಮಾನ್ಯ ಲಿಸ್ಟ್ ಸಾಕು: ತೆರೆಯುವ ಬ್ರಾಕೆಟ್ ಬಂದರೆ ಅಪೆಂಡ್ ಮಾಡಿ (ಕೊನೆಗೆ ಸೇರಿಸಿ), ಮುಚ್ಚುವುದು ಬಂದರೆ ಪಾಪ್ ಮಾಡಿ (ಕೊನೆಯದನ್ನು ಹೊರತೆಗೆದು), ಹೊರಬಂದದ್ದು ಅದರ ಜೋಡಿಯೇ ಎಂದು ನೋಡಿ.

ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೊದಲು ‘(’ ಸ್ಟ್ಯಾಕ್‌ಗೆ ಹೋಗುತ್ತದೆ, ಅದರ ಮೇಲೆ ‘[’ ಕೂರುತ್ತದೆ, ಮೂರನೆಯದಾಗಿ ‘)’ ಬಂದಾಗ ಪಾಪ್ ಮಾಡಿದರೆ ಸಿಗುವುದು ‘[’, ಅದು ಇದರ ಜೋಡಿಯಲ್ಲ. ಅಲ್ಲಿಯೇ ‘ತಪ್ಪು’ ಎಂದು ನಿಲ್ಲಿಸಬಹುದು. ನಾಲ್ಕನೆಯ ಅಕ್ಷರವನ್ನು ನೋಡುವ ಅಗತ್ಯವೇ ಇಲ್ಲ.

ನೀವು ಕೇಳದಿದ್ದರೂ ಇನ್ನೊಂದು ದೋಷವನ್ನು ಹೇಳಲೇಬೇಕು. ‘)(’ ಎಂಬುದಕ್ಕೂ ನಿಮ್ಮ ಪ್ರೋಗ್ರಾಂ ‘ಸರಿ’ ಎನ್ನುತ್ತದೆ, ಏಕೆಂದರೆ ಕೌಂಟರ್ ನಡುವೆ ಸೊನ್ನೆಗಿಂತ ಕೆಳಗಿಳಿದದ್ದನ್ನು ಅದು ಗಮನಿಸುವುದಿಲ್ಲ. ಒಂದೇ ಬಗೆಯ ಬ್ರಾಕೆಟ್ ಇದ್ದು, ಈ ಇಳಿತವನ್ನೂ ಪರೀಕ್ಷಿಸಿದರೆ, ಕೌಂಟರ್‌ನಿಂದಲೇ ಕೆಲಸವಾಗುತ್ತದೆ. ಸ್ಟ್ಯಾಕ್ ಬಳಸುವಾಗ ಇದೇ ದೋಷ ಖಾಲಿ ಲಿಸ್ಟ್‌ನಿಂದ ಪಾಪ್ ಮಾಡುವ ರೂಪದಲ್ಲಿ ಎದುರಾಗಿ ಪ್ರೋಗ್ರಾಂ ಎರರ್ ಕೊಟ್ಟು ನಿಲ್ಲುತ್ತದೆ. ಆದ್ದರಿಂದ ಲಿಸ್ಟ್ ಖಾಲಿಯೇ ಎಂದು ಮೊದಲು ನೋಡಿ. ‘((’ ಎಂಬಂಥದ್ದು ನುಸುಳದಿರಲು, ಸ್ಟ್ರಿಂಗ್ ಮುಗಿದ ಮೇಲೂ ಲಿಸ್ಟ್ ಖಾಲಿಯಾಗಿದೆಯೇ ಎಂದು ಪರೀಕ್ಷಿಸಿ.

ಸ್ಟ್ಯಾಕ್‌ನ ಚರಿತ್ರೆಗೂ ಬ್ರಾಕೆಟ್‌ಗಳಿಗೂ ಹತ್ತಿರದ ನಂಟಿದೆ. ಮ್ಯೂನಿಕ್‌ನ ಕಂಪ್ಯೂಟರ್ ವಿಜ್ಞಾನಿಗಳಾದ ಫ್ರೀಡ್ರಿಶ್ ಬವರ್ ಮತ್ತು ಕ್ಲೌಸ್ ಸಾಮೆಲ್ಸನ್ 1957ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದಾಗ ಅವರ ಮುಂದಿದ್ದದ್ದು, ಬ್ರಾಕೆಟ್‌ಗಳಿರುವ ಗಣಿತ ಸೂತ್ರವನ್ನು ಯಂತ್ರವು ಎಡದಿಂದ ಓದುತ್ತಲೇ ಬಿಡಿಸುವುದು ಹೇಗೆ ಎಂಬ ಸಮಸ್ಯೆ.

ಪ್ರಶ್ನೆ: ಸ್ಟ್ಯಾಕ್ ಇಲ್ಲದೆ, ಪಕ್ಕಪಕ್ಕದಲ್ಲಿರುವ ಜೋಡಿಗಳನ್ನು ಮತ್ತೆ ಮತ್ತೆ ಅಳಿಸುತ್ತ ಹೋಗಿ, ಕೊನೆಗೆ ಸ್ಟ್ರಿಂಗ್ ಖಾಲಿಯಾದರೆ ‘ಸರಿ’ ಎನ್ನಬಹುದೇ?

ಉತ್ತರ: ಎನ್ನಬಹುದು, ಉತ್ತರ ಎಂದೂ ತಪ್ಪುವುದಿಲ್ಲ. ಆದರೆ ಒಂದೇ ಬಗೆಯ ಬ್ರಾಕೆಟ್‌ಗಳು ಒಂದರೊಳಗೊಂದು ಹುದುಗಿದ್ದರೆ ಪ್ರತಿ ಸುತ್ತಿನಲ್ಲೂ ತೀರಾ ಒಳಗಿನ ಒಂದು ಜೋಡಿ ಮಾತ್ರ ಅಳಿಯುತ್ತದೆ. 1 ಲಕ್ಷ ಅಕ್ಷರಗಳ ಅಂಥ ಸ್ಟ್ರಿಂಗ್‌ಗೆ 50,000 ಸುತ್ತು ಬೇಕಾಗಿ, ಒಟ್ಟು ಸುಮಾರು 250 ಕೋಟಿ ಅಕ್ಷರಗಳನ್ನು ಓದಿದಂತಾಗುತ್ತದೆ. ಸ್ಟ್ಯಾಕ್ ಬಳಸಿದರೆ ಆ 1 ಲಕ್ಷವನ್ನು ಒಮ್ಮೆ ಓದಿದರೆ ಮುಗಿಯಿತು.