ರೋಬೋಟ್ ನೆರವಿನ ಬೆನ್ನುಮೂಳೆ ಆಪರೇಷನ್‌ನಲ್ಲಿ ಏನೇನು ತೊಂದರೆ ಆಗಬಹುದು?

ವಿಜಯಪುರದ ನಿಮ್ಮ ತಂದೆಯವರಿಗೆ ಬೆಳಗಾವಿಯಲ್ಲಿ ಸಣ್ಣ ಗಾಯ ಮಾಡಿ, ರೋಬೋಟ್ ನೆರವಿನಿಂದ ಬೆನ್ನುಮೂಳೆಗೆ ಸ್ಕ್ರೂ ಹಾಕ್ತೀವಿ ಅಂದಿದ್ದಾರೆ, ಅಪಾಯ ಏನು ಅಂತ ಕೇಳಿದ್ದೀರಿ.

ರೋಬೋಟ್ ತಾನೇ ಆಪರೇಷನ್ ಮಾಡುವುದಿಲ್ಲ. ಸಿಟಿ ಸ್ಕ್ಯಾನ್ ನೋಡಿ ಹಾಕಿದ ಯೋಜನೆಯಂತೆ ಅದರ ತೋಳು ದಿಕ್ಕು ಹಿಡಿದು ನಿಲ್ಲುತ್ತದೆ. ಸ್ಕ್ರೂ ತಿರುಗಿಸುವವರು ಸಾಮಾನ್ಯವಾಗಿ ಡಾಕ್ಟರೇ.

ಸ್ಕ್ಯಾನ್ ಚಿತ್ರಕ್ಕೂ ರೋಗಿಯ ಮೈಗೂ ತಾಳೆ ಹಾಕಲು ಮೂಳೆಗೆ ಒಂದು ಗುರುತಿನ ಚೌಕಟ್ಟು ಬಿಗಿದಿರುತ್ತಾರೆ. ಯಾರದೋ ಕೈ ತಾಗಿ ಅದು ಅಲುಗಿದರೆ ಯಂತ್ರಕ್ಕೆ ಗೊತ್ತಾಗದೇ ಇರಬಹುದು. ಪರದೆ ಮೇಲೆ ಎಲ್ಲ ಸರಿ, ಒಳಗೆ ಸ್ಕ್ರೂ ಪಕ್ಕಕ್ಕೆ! ಇಳಿಜಾರಿನ ಮೂಳೆ ಮೇಲೆ ಡ್ರಿಲ್ ತುದಿ ಜಾರುವುದೂ ಉಂಟು. ಗಾಯ ಚಿಕ್ಕದಾದ್ದರಿಂದ ಇದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ನಡುನಡುವೆ ಎಕ್ಸ್‌ರೇ ತೆಗೆದು ನೋಡಬೇಕು. ಸ್ಕ್ರೂ ಮೂಳೆಯ ಅಂಚು ದಾಟಿದ್ದು 2 ಮಿ.ಮೀ. ಒಳಗಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ನರಕ್ಕೆ ಒತ್ತಿದರೆ ಸ್ಕ್ರೂ ತೆಗೆದು ಮತ್ತೆ ಹಾಕಬೇಕಾಗಬಹುದು.

ನರದ ಪೊರೆ ಹರಿಯುವುದು, ಸೋಂಕು, ರಕ್ತಸ್ರಾವ ಇವೆಲ್ಲ ರೋಬೋಟ್ ಇಲ್ಲದಿದ್ದರೂ ಇರುವ ಅಪಾಯಗಳೇ. ವಯಸ್ಸಾಗಿ ಮೂಳೆ ಟೊಳ್ಳಾಗಿದ್ದರೆ ಸ್ಕ್ರೂ ಸಡಿಲವಾಗಬಹುದು. ನನ್ನ ಪ್ರಕಾರ ರೋಬೋಟ್‌ಗಿಂತ ಇದರ ಬಗ್ಗೆಯೇ ಜಾಸ್ತಿ ವಿಚಾರಿಸಬೇಕು.

ಸುಮ್ನೆ ಯಂತ್ರದ ಹೆಸರು, ಬೆಲೆ ಕೇಳುತ್ತಾ ಕೂರಬೇಡಿ. ಅದು ಕೈಕೊಟ್ಟರೆ ಮಾಮೂಲಿ ವಿಧಾನದಲ್ಲಿ ಮುಗಿಸುವ ಅನುಭವ ಡಾಕ್ಟರಿಗೆ ಇದೆಯಾ ಅಂತ ಕೇಳಿ.

ಮನೆಗೆ ಬಂದ ಮೇಲೆ ಕಾಲಿನ ಬಲ ಕಡಿಮೆಯಾದರೆ, ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ ಬೆಳಗಾವಿ ಬಸ್ಸಿಗೆ ಕಾಯಬೇಡಿ. ತಕ್ಷಣ ವಿಜಯಪುರದಲ್ಲೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ಅಲ್ಲಿಂದಲೇ ಬೆಳಗಾವಿ ಡಾಕ್ಟರಿಗೆ ಫೋನ್ ಮಾಡಿ.