ಇಳಿದ ತೂಕ ಉಳಿಯಬೇಕಾದರೆ: ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳ ಬಗ್ಗೆ ವೈದ್ಯರ ಉತ್ತರ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೆಲವು ವರ್ಷ ಕಳೆದಿರುವ ಕೊಡಗಿನ ಓದುಗರ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಶಸ್ತ್ರಚಿಕಿತ್ಸೆಗೆ ಮುಂಚೆ ಏಳುವ ಸಂದೇಹಗಳನ್ನು ಎಲ್ಲರೂ ಧೈರ್ಯವಾಗಿ ಕೇಳುತ್ತಾರೆ. ಮೂರನೆಯ ಅಥವಾ ಐದನೆಯ ವರ್ಷದಲ್ಲಿ ಏಳುವ ಸಂದೇಹಗಳನ್ನು ಮಾತ್ರ ಹೆಚ್ಚಿನವರು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸುತ್ತಿಲ್ಲ.

ಪ್ರಶ್ನೆ: ನನಗೆ 44 ವರ್ಷ. ವಿರಾಜಪೇಟೆ ಸಮೀಪದ ತೋಟದ ಮನೆಯಲ್ಲಿ ವಾಸ. ಐದು ವರ್ಷಗಳ ಹಿಂದೆ ಮೈಸೂರಿನಲ್ಲಿ ಸ್ಲೀವ್ (ಜಠರದ ಬಹುಭಾಗ ತೆಗೆಯುವ) ಶಸ್ತ್ರಚಿಕಿತ್ಸೆ ಆಯಿತು. 112 ಕಿಲೋ ಇದ್ದವಳು ಒಂದೂವರೆ ವರ್ಷದಲ್ಲಿ 71 ಕಿಲೋಗೆ ಇಳಿದೆ. ಈಗ 79 ಆಗಿದೆ. ಅಷ್ಟು ಹಣ ಸುರಿದದ್ದು ದಂಡವಾಯಿತು ಎಂದು ಮನೆಯಲ್ಲಿ ಮಾತು ಬರುತ್ತಿದೆ. ನಾಚಿಕೆಯಿಂದ ಎರಡು ವರ್ಷದಿಂದ ವೈದ್ಯರ ಬಳಿಗೆ ಹೋಗಿಲ್ಲ. ಉಳಿದ ಹೊಟ್ಟೆ ಮತ್ತೆ ಹಿಗ್ಗಿತೇ? ಇನ್ನೊಮ್ಮೆ ಆಪರೇಷನ್ ಬೇಕಾಗುತ್ತದೆಯೇ?

ಉತ್ತರ: ಮೊದಲು ಲೆಕ್ಕವನ್ನು ಸರಿಯಾಗಿ ನೋಡೋಣ. ನೀವು ಇಳಿಸಿದ್ದು 41 ಕಿಲೋ, ಮರಳಿ ಬಂದದ್ದು 8 ಕಿಲೋ. ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಇಂದಿಗೂ ನೀವು 33 ಕಿಲೋ, ಅಂದರೆ ಶೇ 29ಕ್ಕೂ ಹೆಚ್ಚು ಕಡಿಮೆ ತೂಕದಲ್ಲಿದ್ದೀರಿ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ದೀರ್ಘಕಾಲದ ಅಧ್ಯಯನದಲ್ಲಿ, ಗ್ಯಾಸ್ಟ್ರಿಕ್ ಬೈಪಾಸ್ (ಜಠರದ ಸಣ್ಣ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಇನ್ನೊಂದು ವಿಧಾನ) ಆದವರ ತೂಕ ಮೊದಲ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ 32ರಷ್ಟು ಇಳಿದು, ಹತ್ತನೆಯ ವರ್ಷದ ಹೊತ್ತಿಗೆ ಆ ಇಳಿಕೆ ಶೇ 25ರ ಆಸುಪಾಸಿನಲ್ಲಿ ನೆಲೆ ನಿಂತಿತ್ತು. ಆ ಅಧ್ಯಯನದಲ್ಲಿ ಸ್ಲೀವ್ ವಿಧಾನ ಸೇರಿರಲಿಲ್ಲವಾದ್ದರಿಂದ ಅಂಕಿಗಳನ್ನು ಹಾಗೆಯೇ ನಿಮಗೆ ಅನ್ವಯಿಸಲಾಗದು. ಆದರೂ ತೂಕ ಅತಿ ಕೆಳಗಿನ ಮಟ್ಟ ಮುಟ್ಟಿದ ಮೇಲೆ ಸ್ವಲ್ಪ ಏರುವುದು ಅಸಹಜವೇನಲ್ಲ ಎಂಬುದನ್ನು ಅದು ತೋರಿಸುತ್ತದೆ. ಹಾಗೆ ಸ್ವಲ್ಪ ತೂಕ ಮರಳಿದ ನಂತರವೂ, ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಪ್ರಮಾಣ ಆಗದವರಿಗಿಂತ ಕಡಿಮೆ ಇತ್ತು. ನಿಮ್ಮ ಮನೆಯವರಿಗೆ ದಯವಿಟ್ಟು ಇದನ್ನು ಓದಿ ಹೇಳಿ.

ಇನ್ನು ತೂಕ ಏಕೆ ಮರಳುತ್ತದೆ ಎಂಬ ಪ್ರಶ್ನೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆಯುತ್ತಾರೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ತಯಾರಾಗುವುದು ಆ ತೆಗೆದ ಭಾಗದಲ್ಲೇ ಆದ್ದರಿಂದ ಮೊದಲ ವರ್ಷ ಹಸಿವೇ ಗೊತ್ತಾಗುವುದಿಲ್ಲ. ಕಾಲ ಕಳೆದಂತೆ ಉಳಿದ ಜಠರ ತುಸು ಹಿಗ್ಗುತ್ತದೆ ಮತ್ತು ಹಸಿವು ಭಾಗಶಃ ಮರಳುತ್ತದೆ. ಅದರ ಜೊತೆಗೆ, ತೂಕ ಇಳಿದ ದೇಹ ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗಿರುತ್ತದೆ, ಕೊಬ್ಬಿನೊಂದಿಗೆ ಮಾಂಸಖಂಡವೂ ಕರಗಿದ್ದರೆ ಇನ್ನಷ್ಟು ಕಡಿಮೆ. ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ದೇಹವೇ ಒತ್ತಾಯಿಸುತ್ತದೆ. ಇದನ್ನು ಮನೋಬಲದ ಕೊರತೆಯೆಂದು ಕರೆದು ರೋಗಿಯನ್ನು ಕುಗ್ಗಿಸುವುದು ವೈದ್ಯಕೀಯವಾಗಿ ತಪ್ಪು, ಮನುಷ್ಯತ್ವದ ದೃಷ್ಟಿಯಿಂದಲೂ ತಪ್ಪು ಎಂದು ನಾನು ಬಲವಾಗಿ ನಂಬುತ್ತೇನೆ.

ಹೊಟ್ಟೆ ಹಿಗ್ಗುವುದಕ್ಕಿಂತ ಹೆಚ್ಚಾಗಿ ನಾವು ಕಾಣುವ ಕಾರಣ ಊಟದ ಕ್ರಮ ಸಡಿಲವಾಗುವುದು. ಒಂದೇ ಸಲ ಹೆಚ್ಚು ಉಣ್ಣಲು ಆಗುವುದಿಲ್ಲ, ಹಾಗಾಗಿ ದಿನವಿಡೀ ಸ್ವಲ್ಪ ಸ್ವಲ್ಪ ಬಾಯಾಡಿಸುವುದು ರೂಢಿಯಾಗುತ್ತದೆ. ಮಳೆಗಾಲದ ಸಂಜೆಗೆ ಬಾಳೆಕಾಯಿ ಚಿಪ್ಸ್, ನೆಂಟರು ಬಂದಾಗಲೆಲ್ಲ ಬೆಲ್ಲದ ಕಾಫಿ, ಅದರೊಂದಿಗೆ ಬಿಸ್ಕತ್ತು: ಇವು ಸಣ್ಣ ಜಠರದಲ್ಲಿ ಸುಲಭವಾಗಿ ಜಾರಿ ಹೋಗುತ್ತವೆ, ಹೊಟ್ಟೆ ತುಂಬಿದ ಸೂಚನೆಯನ್ನೇ ಕೊಡುವುದಿಲ್ಲ. ಒಂದು ವಾರ ತಿಂದದ್ದು, ಕುಡಿದದ್ದು ಎಲ್ಲವನ್ನೂ ಹೊತ್ತಿನ ಸಮೇತ ಬರೆದಿಡಿ. ಯಾರಿಗೂ ತೋರಿಸಬೇಕಾಗಿಲ್ಲ ಎಂದುಕೊಂಡು ಬರೆದರೆ ಸತ್ಯ ಬರುತ್ತದೆ, ಆಮೇಲೆ ಆಹಾರತಜ್ಞರಿಗೆ ತೋರಿಸುವ ಧೈರ್ಯವೂ ಬರುತ್ತದೆ.

ನಮ್ಮ ಊಟದಲ್ಲಿ ಅಕ್ಕಿಯೇ ಪ್ರಧಾನ. ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ನೂಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು ಎಂದಾದರೆ ಸಣ್ಣ ಜಠರದಲ್ಲಿ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ. ಶಸ್ತ್ರಚಿಕಿತ್ಸೆ ಆದವರಿಗೆ ದಿನಕ್ಕೆ ಕನಿಷ್ಠ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಿಂದ ಸಿಗುವುದು ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಿಂದ 7ರಿಂದ 8 ಗ್ರಾಂ, ಚರ್ಮ ತೆಗೆದು ಬೇಯಿಸಿದ 100 ಗ್ರಾಂ ಕೋಳಿ ಮಾಂಸದಿಂದ 27 ಗ್ರಾಂನ ಆಸುಪಾಸು. ಆದ್ದರಿಂದ ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಕೋಳಿ, ಹುರುಳಿ, ಕಡಲೆ, ಪನೀರ್ ಇವುಗಳಲ್ಲಿ ಒಂದನ್ನು ತಿಂದು, ಬಳಿಕ ತರಕಾರಿ, ಕೊನೆಗೆ ಜಾಗ ಉಳಿದರೆ ಒಂದು ಕಡಂಬುಟ್ಟು ಎಂಬ ಕ್ರಮ ಇಟ್ಟುಕೊಳ್ಳಿ. ಪಂದಿ ಕರಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಕೊಬ್ಬಿನ ಪದರ ಬದಿಗಿಟ್ಟು, ಮಾಂಸದ ನಾಲ್ಕು ತುಂಡುಗಳನ್ನು ಚೆನ್ನಾಗಿ ಅಗಿದು ತಿನ್ನಿ. ಕಣಿಲೆ ಮತ್ತು ಅಣಬೆಯ ಪಲ್ಯ ನಿಮಗೆ ಬಹಳ ಒಳ್ಳೆಯದು, ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಕಡಿಮೆ. ಊಟದ ಜೊತೆಗೆ ನೀರು ಕುಡಿಯದೆ, ಊಟ ಮುಗಿದ ಅರ್ಧ ಗಂಟೆಯ ನಂತರ ಕುಡಿಯುವ ನಿಯಮವನ್ನು ಐದನೆಯ ವರ್ಷದಲ್ಲೂ ಬಿಡಬಾರದು.

ಎರಡನೆಯ ಶಸ್ತ್ರಚಿಕಿತ್ಸೆಯ ಮಾತು ಇನ್ನೂ ದೂರದ್ದು. ಅದಕ್ಕೂ ಮೊದಲು ಥೈರಾಯಿಡ್ ಪರೀಕ್ಷೆ ಆಗಬೇಕು. ನಿದ್ರೆ ಹೇಗಿದೆ, ಮುಟ್ಟು ನಿಲ್ಲುವ ಕಾಲದ ಬದಲಾವಣೆಗಳು ಆರಂಭವಾಗಿವೆಯೇ, ಮನಸ್ಸು ಕುಗ್ಗಿದೆಯೇ, ಹೊಸದಾಗಿ ಶುರುವಾದ ಯಾವುದಾದರೂ ಮಾತ್ರೆ ತೂಕ ಏರಿಸುತ್ತಿದೆಯೇ ಎಂದು ವಿಚಾರಿಸಬೇಕು. ಸ್ಟೀರಾಯಿಡ್‌ಗಳು, ಇನ್ಸುಲಿನ್, ಕೆಲವು ಮಾನಸಿಕ ಚಿಕಿತ್ಸೆಯ ಔಷಧಿಗಳು ಹಾಗೆ ಏರಿಸಬಲ್ಲವು. ಅಗತ್ಯವಿದ್ದರೆ ಎಂಡೋಸ್ಕೋಪಿ ಅಥವಾ ಬೇರಿಯಂ ಎಕ್ಸ್-ರೇ ಮೂಲಕ ಜಠರದ ಆಕಾರ ನೋಡುತ್ತಾರೆ. ಎದೆಯುರಿ, ಹುಳಿತೇಗು ಇದ್ದರೆ ಮರೆಮಾಚದೆ ಹೇಳಿ. ಸ್ಲೀವ್ ಆದವರಲ್ಲಿ ಅದು ಸಾಮಾನ್ಯವಾದ ತೊಂದರೆ, ಮತ್ತು ಸ್ಲೀವನ್ನು ಬೈಪಾಸ್ ಆಗಿ ಬದಲಾಯಿಸಲು ಅದು ಒಂದು ಮುಖ್ಯ ಕಾರಣವೂ ಹೌದು.

ನಾಚಿಕೆಯ ವಿಷಯಕ್ಕೆ ಬರುತ್ತೇನೆ. 8 ಕಿಲೋ ಏರಿದಾಗ ಬಂದ ರೋಗಿಗೆ ಮಾಡಬಹುದಾದದ್ದು ಬಹಳಷ್ಟಿರುತ್ತದೆ. 30 ಕಿಲೋ ಏರಿದ ಮೇಲೆ ಬಂದವರಿಗೆ ದಾರಿ ಕಠಿಣವಾಗುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಸದ್ಯದ ತೂಕಕ್ಕಿಂತ 3 ಕಿಲೋ ಏರಿದರೆ ಕಾಯದೆ ಫೋನ್ ಮಾಡುವುದೆಂದು ನಿಶ್ಚಯಿಸಿಕೊಳ್ಳಿ. ಆದರೆ ಈ ಸಲದ ಭೇಟಿಗೆ ಅದನ್ನು ಕಾಯಬೇಡಿ, ಈ ತಿಂಗಳಲ್ಲೇ ಹೋಗಿ ಬನ್ನಿ.

ಪ್ರಶ್ನೆ: ನಾನು ಸೋಮವಾರಪೇಟೆಯವನು, ವಯಸ್ಸು 52. ಸಕ್ಕರೆ ಕಾಯಿಲೆ ಇತ್ತು. ಮೂರು ವರ್ಷದ ಹಿಂದೆ ಗ್ಯಾಸ್ಟ್ರಿಕ್ ಬೈಪಾಸ್ ಆಯಿತು. ಈಗ ಮದುವೆ ಮನೆಗಳಲ್ಲಿ ಪಾಯಸ, ಸಿಹಿ ತಿಂದು ಒಂದೆರಡು ಗಂಟೆಯಲ್ಲಿ ಕೈ ನಡುಗಿ ಬೆವರುತ್ತದೆ. ಎರಡು ಪೆಗ್ ಕುಡಿದರೆ ಮೊದಲಿನ ನಾಲ್ಕರಷ್ಟು ಏರುತ್ತದೆ. ಇದು ಸರಿಯೇ?

ಉತ್ತರ: ಎರಡಕ್ಕೂ ಕಾರಣ ನಿಮ್ಮ ಬದಲಾದ ಜೀರ್ಣಮಾರ್ಗ. ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲವನ್ನು ಮಾಡಿ ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಸಿಹಿ ಅಲ್ಲಿಗೆ ಒಮ್ಮೆಲೇ ಇಳಿದಾಗ ರಕ್ತದ ಸಕ್ಕರೆ ಥಟ್ಟನೆ ಏರಿ, ಅದಕ್ಕೆ ಉತ್ತರವಾಗಿ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚು ಸುರಿದು, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ತೀರಾ ಕುಸಿಯುತ್ತದೆ. ನಡುಕ, ಬೆವರು ಬಂದಾಗ ಗ್ಲೂಕೋಮೀಟರ್‌ನಲ್ಲಿ ನೋಡಿ ಅಂಕಿ ಬರೆದಿಡಿ. ಸಕ್ಕರೆ ಕಾಯಿಲೆಗೆ ಈಗಲೂ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದರ ಪ್ರಮಾಣ ಹೆಚ್ಚಾಗಿರಬಹುದು, ಅದನ್ನು ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಸಿಹಿಯನ್ನು ಬಿಟ್ಟು, ಪ್ರೋಟೀನ್ ಮೊದಲು ಬರುವ ಸಣ್ಣ ಸಣ್ಣ ಊಟಗಳಿಗೆ ಬದಲಾದರೆ ಹೆಚ್ಚಿನವರಲ್ಲಿ ಇದು ಹತೋಟಿಗೆ ಬರುತ್ತದೆ.

ಮದ್ಯದ ವಿಷಯದಲ್ಲಿ ನಾನು ಮೃದುವಾಗಿ ಮಾತನಾಡಲಾರೆ. ಕೊಡಗಿನಲ್ಲಿ ಸಮಾರಂಭವೆಂದರೆ ಗ್ಲಾಸು ಕೈಗೆ ಬರುತ್ತದೆ, ಬೇಡವೆಂದರೆ ಆತಿಥ್ಯವನ್ನು ತಿರಸ್ಕರಿಸಿದಂತೆ ಎಂದು ಬಂಧುಗಳು ಒತ್ತಾಯಿಸುತ್ತಾರೆ ಎಂಬುದು ನನಗೆ ಗೊತ್ತಿದೆ. ಆದರೆ ಬೈಪಾಸ್ ಆದ ಮೇಲೆ ಮದ್ಯ ಬಹಳ ಬೇಗ ರಕ್ತಕ್ಕೆ ಸೇರುತ್ತದೆ ಮತ್ತು ಹೆಚ್ಚಿನ ಮಟ್ಟ ಮುಟ್ಟುತ್ತದೆ. ಎರಡು ಪೆಗ್ ಕುಡಿದು ನಮ್ಮ ತಿರುವು ರಸ್ತೆಗಳಲ್ಲಿ ಜೀಪು ಓಡಿಸುವುದು ನಿಮಗೂ ಎದುರಿಗೆ ಬರುವವರಿಗೂ ಪ್ರಾಣಾಪಾಯ. ಅಮೆರಿಕದ ಹಲವು ಆಸ್ಪತ್ರೆಗಳ ರೋಗಿಗಳನ್ನು ಸೇರಿಸಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದ್ಯಪಾನದ ಸಮಸ್ಯೆ ಶಸ್ತ್ರಚಿಕಿತ್ಸೆಯ ಎರಡನೆಯ ವರ್ಷದಲ್ಲಿ ಹೆಚ್ಚಾದದ್ದು ಕಂಡುಬಂತು, ಬೈಪಾಸ್ ಆದವರಲ್ಲಿ ಆ ಅಪಾಯ ಹೆಚ್ಚಿತ್ತು. ತೂಕದ ದೃಷ್ಟಿಯಿಂದಲೂ 60 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 140 ಕ್ಯಾಲೊರಿ ಇದೆ, ಸಕ್ಕರೆ ಹಾಕಿ ಮಾಡುವ ಮನೆಯ ವೈನೂ ನಿರಪಾಯವೇನಲ್ಲ. ಪೂರ್ತಿ ಬಿಡುವುದೇ ನನ್ನ ಸಲಹೆ. ಬಿಡಲಾಗದು ಎನ್ನಿಸಿದರೆ ಅದೇ ಚಿಕಿತ್ಸೆ ಬೇಕೆಂಬುದರ ಸೂಚನೆ ಎಂದು ತಿಳಿದು ಮನೋವೈದ್ಯರನ್ನು ಕಾಣಿ.

ಪತ್ರದ ಕೊನೆಯಲ್ಲಿ ಮಂಡಿನೋವಿಗೆ ಅಂಗಡಿಯಿಂದ ಮಾತ್ರೆ ತರುವುದಾಗಿಯೂ ಬರೆದಿದ್ದೀರಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆಗಳಿಂದ, ಹಾಗೆಯೇ ಬೀಡಿ ಸಿಗರೇಟಿನಿಂದ, ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. ವೈದ್ಯರನ್ನು ಕೇಳದೆ ಅಂತಹ ಮಾತ್ರೆ ನುಂಗಬೇಡಿ.

ಪ್ರಶ್ನೆ: ಕುಶಾಲನಗರದವಳು, 29 ವರ್ಷ. ಬೈಪಾಸ್ ಆಗಿ ಎರಡು ವರ್ಷ. ತೂಕ ಚೆನ್ನಾಗಿಯೇ ಇದೆ, ಹಾಗಾಗಿ ವಿಟಮಿನ್ ಮಾತ್ರೆ ನಿಲ್ಲಿಸಿದೆ. ಈಗ ತುಂಬಾ ಸುಸ್ತು, ಕೂದಲು ಉದುರುತ್ತಿದೆ, ಪಾದ ಜೋಮು ಹಿಡಿದಂತಿರುತ್ತದೆ. ಮಗುವಿಗಾಗಿ ಪ್ರಯತ್ನಿಸಬಹುದೇ?

ಉತ್ತರ: ಗರ್ಭಧಾರಣೆಗೆ ಮುನ್ನ ಈ ಸುಸ್ತಿನ ಕಾರಣ ತಿಳಿಯಬೇಕು. ತೂಕ ಸರಿಯಿದೆ ಎಂಬುದು ಪೋಷಣೆ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವ ಕರುಳಿನ ಮೊದಲ ಭಾಗವನ್ನೇ ಬೈಪಾಸ್ ದಾಟಿ ಹೋಗುವುದರಿಂದ ಮಾತ್ರೆಗಳು ಜೀವನಪೂರ್ತಿ ಬೇಕು. ಪಾದದ ಜೋಮು ಬಿ12 ಕೊರತೆಯಿಂದ ಬಂದಿರಬಹುದು. ತಡಮಾಡಿದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು, ಆದ್ದರಿಂದ ಈ ವಾರವೇ ರಕ್ತಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯಿಡ್ ಹಾರ್ಮೋನು. ಇದಕ್ಕಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ರಕ್ತವನ್ನು ಹತ್ತಿರದ ಪ್ರಯೋಗಾಲಯದಲ್ಲಿ ಕೊಟ್ಟು ವರದಿಯನ್ನು ನಿಮ್ಮ ಶಸ್ತ್ರಚಿಕಿತ್ಸೆಯ ತಂಡಕ್ಕೆ ಕಳುಹಿಸಬಹುದು. ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಇದು ನಡೆಯಬೇಕು.

ಸಾಮಾನ್ಯವಾಗಿ ನಿಮ್ಮಂಥವರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣ, ಮತ್ತು ಆಹಾರದಲ್ಲಿ ಸಿಗುವುದೂ ಸೇರಿ 1,200ರಿಂದ 1,500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ. ಬೈಪಾಸ್ ಆದವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ಒಳ್ಳೆಯದು. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಕನಿಷ್ಠ ಎರಡು ಗಂಟೆ ಅಂತರದಲ್ಲಿ ನುಂಗಬೇಕು. ಕಾಫಿಯ ನಾಡಿನವರಾದ ನಾವು ಮರೆಯುವ ಮಾತೊಂದಿದೆ: ಕಾಫಿ, ಟೀ ಜೊತೆ ನುಂಗಿದ ಕಬ್ಬಿಣದ ಮಾತ್ರೆ ದೇಹಕ್ಕೆ ಬಹಳ ಕಡಿಮೆ ದಕ್ಕುತ್ತದೆ.

ಗರ್ಭಧಾರಣೆಯನ್ನು ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ 12ರಿಂದ 18 ತಿಂಗಳು ಮುಂದೂಡಲು ಹೇಳುತ್ತೇವೆ. ನಿಮಗೆ ಆ ಅವಧಿ ಕಳೆದಿದೆ, ಕೊರತೆಗಳು ಸರಿಯಾದ ಮೇಲೆ ಪ್ರಯತ್ನಿಸಬಹುದು. ಬೈಪಾಸ್ ಆಗಿರುವುದನ್ನು ಪ್ರಸೂತಿ ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ. ಗರ್ಭಿಣಿಯರಿಗೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ನಿಮಗೆ ತೀವ್ರ ತೊಂದರೆ ಕೊಡಬಹುದಾದ್ದರಿಂದ ಬೇರೆ ವಿಧಾನ ಬಳಸಬೇಕಾಗುತ್ತದೆ. ಗರ್ಭಿಣಿಯಾದಾಗ ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಅದು ತುರ್ತು ಸ್ಥಿತಿ. ಥಯಾಮಿನ್ (ವಿಟಮಿನ್ ಬಿ1) ಕೊರತೆಯಿಂದ ಮೆದುಳಿಗೆ ಹಾನಿಯಾಗಬಹುದು, ಆದ್ದರಿಂದ ಗ್ಲೂಕೋಸ್ ಡ್ರಿಪ್ ಏರಿಸುವ ಮುನ್ನ ಥಯಾಮಿನ್ ಕೊಡಬೇಕೆಂಬುದನ್ನು ನಿಮ್ಮ ಯಜಮಾನರೂ ನೆನಪಿಟ್ಟುಕೊಂಡು ಆಸ್ಪತ್ರೆಯಲ್ಲಿ ಹೇಳಲಿ.

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ, ನಾಪೋಕ್ಲು ಬಳಿ ಮನೆ. ಸ್ಲೀವ್ ಆಗಿ ನಾಲ್ಕು ವರ್ಷ. ದಿನಾ ನಡೆಯಲು ಹೇಳಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಉಳಿದ ಕಾಲದಲ್ಲಿ ಆನೆಯ ಭಯ. ಏನು ಮಾಡುವುದು?

ಉತ್ತರ: ಆನೆ ಓಡಾಡುವ ಕಡೆ ಮುಂಜಾನೆ, ಮುಸ್ಸಂಜೆಯ ನಡಿಗೆ ಬೇಡವೇ ಬೇಡ. ನಡಿಗೆಯ ಸಮಯವನ್ನು ಬೆಳಿಗ್ಗೆ ಹತ್ತರ ನಂತರಕ್ಕೆ ಇಟ್ಟುಕೊಂಡು ಮನೆಯಂಗಳದಲ್ಲೋ ಕಾಫಿ ಕಣದಲ್ಲೋ ಸುತ್ತು ಹಾಕಲಿ. ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೂ ಹತ್ತು ನಿಮಿಷದಂತೆ ದಿನಕ್ಕೆ ನಾಲ್ಕು ಸಲ ನಡೆದರೆ ವಾರಕ್ಕೆ 280 ನಿಮಿಷವಾಯಿತು. ಇಳಿದ ತೂಕ ಕಾಯ್ದುಕೊಳ್ಳಲು ಹೇಳುವ ಗುರಿಯೂ ವಾರಕ್ಕೆ 200ರಿಂದ 300 ನಿಮಿಷ. ತಾಯಿಯವರ ವಯಸ್ಸಿನಲ್ಲಿ ಮಾಂಸಖಂಡ ಉಳಿಸುವ ವ್ಯಾಯಾಮವೂ ಅಷ್ಟೇ ಮುಖ್ಯ. ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ಒಂದು ಲೀಟರ್ ಬಾಟಲಿಗಳನ್ನು ಎತ್ತಿಳಿಸುವುದು, ಇವನ್ನು ವಾರಕ್ಕೆ ಎರಡು ಮೂರು ದಿನ ಮಾಡಲಿ. ಮಗನಾದ ನೀವೂ ಜೊತೆಗೂಡಿದರೆ ಅವರು ಬಿಡದೆ ಮುಂದುವರಿಸುತ್ತಾರೆ.

ಪ್ರಶ್ನೆ: ಶಸ್ತ್ರಚಿಕಿತ್ಸೆ ಆದ ಮೇಲೂ ತೂಕ ಏರಿದವರು ತೂಕ ಇಳಿಸಲು ಈಗ ಬಂದಿರುವ ಇಂಜೆಕ್ಷನ್ ತೆಗೆದುಕೊಳ್ಳಬಹುದೇ? (ಮಡಿಕೇರಿ)

ಉತ್ತರ: ತೆಗೆದುಕೊಳ್ಳಬಹುದು, ಆದರೆ ಶಸ್ತ್ರಚಿಕಿತ್ಸೆಯ ವಿವರ ತಿಳಿದ ವೈದ್ಯರ ನಿಗಾದಲ್ಲಿ ಮಾತ್ರ. ಟಿರ್ಜೆಪಟೈಡ್ ಮತ್ತು ತೂಕ ಇಳಿಸಲೆಂದೇ ಇರುವ ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿವೆ. ಮರಳಿದ ತೂಕವನ್ನು ಇಳಿಸಲು ಇವು ನೆರವಾಗುತ್ತವೆ. ಆದರೆ ನಿಲ್ಲಿಸಿದರೆ ತೂಕ ಮತ್ತೆ ಏರುತ್ತದೆ: ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿದ್ದನ್ನು 2022ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಹಾಗಾಗಿ ತಿಂಗಳ ಖರ್ಚನ್ನು ಎಷ್ಟು ಕಾಲ ಭರಿಸಬಲ್ಲಿರಿ ಎಂದು ಮೊದಲೇ ಮನೆಯಲ್ಲಿ ಕುಳಿತು ಮಾತನಾಡಿಕೊಳ್ಳಿ. ಮೊದಲೇ ಸಣ್ಣ ಜಠರ ಇರುವವರಿಗೆ ಹಸಿವೂ ಅಡಗಿದರೆ ಪ್ರೋಟೀನ್ ಮತ್ತು ನೀರು ಎರಡೂ ಕಡಿಮೆಯಾಗುತ್ತವೆ, ಆದ್ದರಿಂದ ರಕ್ತಪರೀಕ್ಷೆಯ ವರದಿ ನೋಡಿಯೇ ಆರಂಭಿಸಬೇಕು. ಮಗುವಿನ ಯೋಚನೆ ಇರುವ ಮಹಿಳೆಯರು ಸೆಮಾಗ್ಲುಟೈಡನ್ನು ಗರ್ಭಧಾರಣೆಗೆ ಕನಿಷ್ಠ ಎರಡು ತಿಂಗಳ ಮುಂಚೆಯೇ ನಿಲ್ಲಿಸಬೇಕು.