ಜಪಾನಿನ ಅನಿಮೇಷನ್ ನಿರ್ದೇಶಕ ಸತೋಶಿ ಕೋನ್ ಸಿನಿಮಾ ಯಾವುದರಿಂದ ಶುರು ಮಾಡೋದು?

'ಪರ್ಫೆಕ್ಟ್ ಬ್ಲೂ' ಅರ್ಧಕ್ಕೇ ನಿಲ್ಲಿಸಿದೆ, ಕೋನ್ ನನಗೆ ಆಗಿಬರಲ್ವೇನೋ ಅಂತ ಕೇಳಿದ್ದೀರಿ. ಅಷ್ಟು ಬೇಗ ಕೈಬಿಡಬೇಡಿ. 1997ರ ಆ ಸಿನಿಮಾ ಅವರ ಮೊದಲನೆಯದು, ಸ್ವಲ್ಪ ಜಾಸ್ತಿನೇ ಭಯ ಹುಟ್ಟಿಸುತ್ತದೆ. 2001ರ 'ಮಿಲೇನಿಯಂ ಆಕ್ಟ್ರೆಸ್' ನೋಡಿ. ವಯಸ್ಸಾದ ನಟಿ ಚಿಯೋಕೊ ತನ್ನ ಕಥೆ ಹೇಳುತ್ತಾಳೆ. ಕೇಳಲು ಬಂದ ಇಬ್ಬರು ಕ್ಯಾಮೆರಾ ಸಮೇತ ಅವಳ ನೆನಪಿನೊಳಗೇ ಹೊಕ್ಕಿಬಿಡುತ್ತಾರೆ. ಒಂದು ಕಡೆ ಅವಳು ಕುದುರೆ, ಎಳೆಯುವ ರಿಕ್ಷಾ, ಸೈಕಲ್ ಅಂತ ಒಂದೇ ಓಟದಲ್ಲಿ ಕಾಲಗಳನ್ನೇ ದಾಟುತ್ತಾಳೆ. ದೃಶ್ಯ ಬದಲಾಗಿದ್ದೇ ಗೊತ್ತಾಗಲ್ಲ! ಆಮೇಲೆ 'ಟೋಕಿಯೋ ಗಾಡ್‌ಫಾದರ್ಸ್': ಕ್ರಿಸ್‌ಮಸ್ ರಾತ್ರಿ, ಮನೆಯಿಲ್ಲದ ಮೂವರು, ಕಸದ ರಾಶಿಯಲ್ಲಿ ಸಿಕ್ಕ ಕೂಸು. ಕನಸುಗಳ 'ಪ್ಯಾಪ್ರಿಕಾ' ಕೊನೆಗಿರಲಿ. 2010ರಲ್ಲಿ ಕೋನ್ ಬರೀ 46ನೇ ವಯಸ್ಸಿಗೆ ತೀರಿಕೊಂಡರು, ಹಾಗಾಗಿ ಪೂರ್ಣಾವಧಿ ಚಿತ್ರಗಳು ನಾಲ್ಕೇ. 'ಪರ್ಫೆಕ್ಟ್ ಬ್ಲೂ'ಗೆ ಆಮೇಲೆ ವಾಪಸ್ ಬನ್ನಿ. ಹಗಲು ಹೊತ್ತಲ್ಲಿ.